ಬಫಲೋ ಬಿಲ್ಲನ ಊರು



ನಮ್ಮ ಹಳ್ಳಿಯ ಶಾಲೆಗಳಲ್ಲಿ ಪಾಠ ಒಪ್ಪಿಸಲಾರದ ಹುಡುಗನನ್ನು ಮೇಷ್ಟರು ಗದರಿಸುವ ಮಾತೊಂದುಂಟು: ‘ಹೋಗು, ನೀನು ದನ ಕಾಯುವುದಕ್ಕೇ ಲಾಯಕ್ಕು.’ ಬಾಲ್ಯದಲ್ಲಿ ಈ ಆಶೀರ್ವಾದ ನಮಗೂ ಲಭಿಸಿದುದುಂಟು. ಭೂಮಂಡಲದ ಇನ್ನೊಂದು ಮಗ್ಗುಲಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ವಯೋಮಿಂಗ್ ಎಂಬ ಸೀಮೆಯಲ್ಲಿ, ದನ ಕಾಯುವವನನ್ನೇ ವೀರನೆಂದು ಕೊಂಡಾಡುವ ಊರೊಂದಿದೆ ಎಂಬುದು ಆಗ ನಮಗೆ ತಿಳಿದಿರಲಿಲ್ಲ; ತಿಳಿದಿದ್ದರೆ ಬೆಂಚಿನ ಮೇಲೆ ನಿಂತಲ್ಲಿಂದಲೇ ಒಂದು ಉತ್ತರ ಕೊಡಬಹುದಾಗಿತ್ತು. ಆ ಊರಿನ ಹೆಸರು ಕೋಡಿ. ನಮ್ಮ ಕೆರೆಗಳ ಕೋಡಿಗೂ ಈ ಹೆಸರಿಗೂ ಯಾವ ನಂಟೂ ಇಲ್ಲ. ಊರನ್ನು ಕಟ್ಟಿಸಿದವನ ಮನೆತನದ ಹೆಸರು ಅದು. ಕಳೆದ ವರ್ಷದ ಜುಲೈ ತಿಂಗಳಲ್ಲಿ, ಇಲ್ಲಿ ಆಷಾಢದ ಗಾಳಿ ಬೀಸುತ್ತಿದ್ದ ದಿನಗಳಲ್ಲಿ, ನಾವು ಅಲ್ಲಿಗೆ ಹೋಗಿ ಮೂರು ದಿನ ಇದ್ದು ಕಂಡುದನ್ನು ಈ ಹೊತ್ತು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ನಾವು ಎಂದರೆ ನಾಲ್ಕು ಮಂದಿ: ನಾವು, ನಮ್ಮ ಮನೆಯವರು, ಡೆನ್ವರ್ ನಗರದಲ್ಲಿ ಉದ್ಯೋಗದಲ್ಲಿರುವ ನಮ್ಮ ತಂಗಿಯ ಮಗ, ಅವನ ಆರು ವರ್ಷದ ಮಗಳು. ಮಗುವಿನ ತಾಯಿಗೆ ಕೆಲಸದಿಂದ ಬಿಡುವು ಸಿಕ್ಕಲಿಲ್ಲ. ಮೋಟಾರು ನಡೆಸುವ ಹೊಣೆ ಅಳಿಯನದು. ದಾರಿಯಲ್ಲಿ ಪ್ರಶ್ನೆ ಕೇಳುವ ಹೊಣೆ ಮಗುವಿನದು. ಉತ್ತರ ತಿಳಿಯದೆ ಕಿಟಕಿಯ ಹೊರಗೆ ನೋಡುವ ಹೊಣೆ ನಮ್ಮದು.

ನಮ್ಮ ಪ್ರಯಾಣ ಒಂದು ಗೋರಿಯಿಂದ ಆರಂಭವಾಯಿತು. ಡೆನ್ವರಿನ ಪಶ್ಚಿಮಕ್ಕೆ ಲುಕ್‌ಔಟ್ ಎಂಬ ಬೆಟ್ಟವಿದೆ. ಅದರ ನೆತ್ತಿಯ ಮೇಲೆ ವಿಲಿಯಂ ಫ್ರೆಡರಿಕ್ ಕೋಡಿ, ಲೋಕಪ್ರಸಿದ್ಧವಾದ ಹೆಸರಿನಿಂದ ಹೇಳುವುದಾದರೆ ಬಫಲೋ ಬಿಲ್, ಮಲಗಿದ್ದಾನೆ. ಹುಟ್ಟಿದ್ದು ೧೮೪೬ರಲ್ಲಿ, ಅಯೋವಾ ಸೀಮೆಯಲ್ಲಿ. ತೀರಿಕೊಂಡಿದ್ದು ೧೯೧೭ರ ಜನವರಿಯಲ್ಲಿ, ಡೆನ್ವರಿನಲ್ಲಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಕುದುರೆಯಂಚೆಯ ಸವಾರನಾಗಿದ್ದೆನೆಂದು ಆತ ಹೇಳಿಕೊಂಡಿದ್ದಾನೆ. ಚರಿತ್ರಕಾರರಲ್ಲಿ ಹಲವರು ಅದನ್ನು ನಂಬುವುದಿಲ್ಲ. ದಂಡಿಗೆ ದಾರಿ ತೋರಿಸುವ ಬೇಹಿನವನಾಗಿದ್ದುದು ಮಾತ್ರ ನಿಜ. ರೈಲುದಾರಿ ಹಾಕುತ್ತಿದ್ದ ಕೂಲಿಗಳಿಗೆ ಮಾಂಸ ಒದಗಿಸುವ ಗುತ್ತಿಗೆಯಲ್ಲಿ ದುಡಿದು, ಹದಿನೆಂಟು ತಿಂಗಳಲ್ಲಿ ೪,೨೮೦ ಬಫಲೋಗಳನ್ನು ಹೊಡೆದೆನೆಂದು ಆತನೇ ಲೆಕ್ಕ ಕೊಟ್ಟಿದ್ದಾನೆ. ಅಡ್ಡಹೆಸರು ಅಂಟಿದ್ದು ಅಲ್ಲಿಂದ. ತನ್ನನ್ನು ಕೋಡಿ ಊರಿನ ಬಳಿಯ ಸೀಡರ್ ಬೆಟ್ಟದಲ್ಲಿ ಹೂಳಬೇಕೆಂದು ೧೯೦೬ರ ಮರಣಶಾಸನದಲ್ಲಿ ಬರೆಸಿದ್ದವನನ್ನು ಡೆನ್ವರಿನವರು ತಮ್ಮ ಬೆಟ್ಟದಲ್ಲಿಯೇ ಇರಿಸಿಕೊಂಡರು. ಕೋಡಿಯ ಜನಕ್ಕೆ ಆ ಕೋಪ ಇನ್ನೂ ಪೂರ್ತಿ ಆರಿಲ್ಲ. ನಮ್ಮ ಊರಿನ ಮೂವರು ಹೋಗಿ ಹೆಣವನ್ನು ಅದಲುಬದಲು ಮಾಡಿ ನಿಜವಾದ ಬಿಲ್ಲನನ್ನು ಮೊದಲೇ ತಂದುಬಿಟ್ಟಿದ್ದಾರೆ ಎಂದು ಅಲ್ಲಿ ಒಂದು ಐತಿಹ್ಯವನ್ನು ಹೇಳುತ್ತಾರೆ. ಹೇಳುವವರು ನಗುತ್ತಲೇ ಹೇಳುತ್ತಾರೆ. ಆದರೂ ಹೇಳದೆ ಬಿಡುವುದಿಲ್ಲ.

ಡೆನ್ವರಿನಿಂದ ಕೋಡಿಗೆ ಸುಮಾರು ೫೦೦ ಮೈಲಿ. ವಯೋಮಿಂಗ್ ವಿಸ್ತಾರದಲ್ಲಿ ನಮ್ಮ ಕರ್ನಾಟಕಕ್ಕಿಂತ ಹಿರಿದು. ಜನರೋ ಆರು ಲಕ್ಷಕ್ಕೂ ಕಡಿಮೆ, ಅಂದರೆ ನಮ್ಮ ಮೈಸೂರು ನಗರ ಒಂದರಷ್ಟೂ ಇಲ್ಲ. ಆದುದರಿಂದ ಗಂಟೆಗಟ್ಟಲೆ ಹೋದರೂ ಕಾಣುವುದು ಬೂದುಬಣ್ಣದ ಕುರುಚಲು ಗಿಡ, ಬೇಲಿಯ ತಂತಿ, ತಲೆಯೆತ್ತಿ ನೋಡುವ ಜಿಂಕೆ, ಇಷ್ಟೆ. ಹೆಂಗಸರಿಗೆ ಮತ ಕೊಡುವ ಹಕ್ಕನ್ನು ೧೮೬೯ರಷ್ಟು ಹಿಂದೆಯೇ ಕೊಟ್ಟ ಸೀಮೆ ಇದು ಎಂದು ಅಳಿಯ ಹೇಳಿದಾಗ ನಮ್ಮ ಮನೆಯವರು, ‘ಇದ್ದವರೇ ನಾಲ್ಕು ಜನ, ಕೊಡದೆ ಏನು ಮಾಡುತ್ತಿದ್ದರು?’ ಎಂದರು. ಸಂಜೆಯ ಮುಂದೆ ವಿಂಡ್ ನದಿಯ ಕಣಿವೆಯನ್ನು ಹೊಕ್ಕೆವು. ಎರಡು ಕಡೆಯೂ ಗೋಡೆ ನಿಲ್ಲಿಸಿದಂಥ ಬಂಡೆ. ಈ ಪದರ ಇಷ್ಟು ಕೋಟಿ ವರ್ಷದ್ದು, ಆ ಪದರ ಅಷ್ಟು ಕೋಟಿ ವರ್ಷದ್ದು ಎಂದು ರಸ್ತೆಯ ಬದಿಯಲ್ಲಿ ಫಲಕ ನೆಟ್ಟಿದ್ದಾರೆ. ಈ ನೆಲ ಶೊಶೋನೀ, ಅರಾಪಹೋ ಎಂಬ ಎರಡು ಮೂಲಜನಾಂಗಗಳಿಗೆ ಮೀಸಲಾದುದು. ಕಣಿವೆಯನ್ನು ದಾಟಿದರೆ ಥರ್ಮೋಪೊಲಿಸ್ ಎಂಬ ಊರು, ಅಲ್ಲಿ ಬಿಸಿನೀರಿನ ಬುಗ್ಗೆಗಳು. ಅವನ್ನು ಸರ್ಕಾರದವರು ೧೮೯೬ರಲ್ಲಿ ಈ ಜನರಿಂದ ೬೦,೦೦೦ ಡಾಲರಿಗೆ ಪಡೆದರು. ಸರ್ಕಾರದ ಸ್ನಾನಗೃಹದಲ್ಲಿ ಇಂದಿಗೂ ಯಾರಿಗೂ ಹಣವಿಲ್ಲ. ಕಾಲು ಚಾಚಿ ಅಲ್ಲಿ ಕುಳಿತು ಎದ್ದಮೇಲೆ ಉಳಿದ ದಾರಿ ನಮಗೆ ತಿಳಿಯಲೇ ಇಲ್ಲ.

ಕೋಡಿ ಹತ್ತು ಸಾವಿರ ಜನರ ಊರು. ಸಮುದ್ರಮಟ್ಟದಿಂದ ಸುಮಾರು ೫,೦೦೦ ಅಡಿ ಎತ್ತರ. ಸುತ್ತಲೂ ಬೆಟ್ಟ, ನಡುವೆ ಗಾಳಿ. ೧೮೯೬ರಲ್ಲಿ ಬಿಲ್ಲನೂ ಅವನ ಪಾಲುದಾರರೂ ಬಯಲಿನಲ್ಲಿ ಗೂಟ ಹೊಡೆದು ಬೀದಿಗಳನ್ನು ಗುರುತು ಮಾಡಿದಾಗ ಇಲ್ಲಿ ಇದ್ದುದು ಆ ಗಾಳಿ ಒಂದೇ. ಪೇಟೆಯ ಬೀದಿಯಲ್ಲಿ ಆತ ೧೯೦೨ರಲ್ಲಿ ತೆರೆದು ಮಗಳ ಹೆಸರಿಟ್ಟ ಇರ್ಮಾ ಹೋಟಲು ಈಗಲೂ ನಡೆಯುತ್ತಿದೆ. ಅದರೊಳಗೆ ಚೆರಿ ಮರದಲ್ಲಿ ಕೆತ್ತಿದ ಭಾರಿಯ ಮದ್ಯದಂಗಡಿಯೊಂದಿದ್ದು, ಅದು ವಿಕ್ಟೋರಿಯಾ ರಾಣಿಯವರ ಬಳುವಳಿ ಎಂದು ಬಂದವರಿಗೆಲ್ಲ ಹೇಳುತ್ತಾರೆ. ರಾಣಿಯವರು ೧೯೦೧ರ ಜನವರಿಯಲ್ಲಿಯೇ ಕಾಲವಾದರೆಂಬುದು ನಮಗೆ ನೆನಪಾಯಿತು; ಕಟ್ಟದಿರುವ ಹೋಟಲಿಗೆ ಕಾಣಿಕೆ ಕಳುಹಿಸಿದರೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಉಪಾಹಾರ ಚೆನ್ನಾಗಿತ್ತು. ಬೇಸಗೆಯ ಸಂಜೆಗಳಲ್ಲಿ ಹೋಟಲಿನ ಪಕ್ಕದ ಬೀದಿಯಲ್ಲಿ ಹಳೆಯ ಕಾಲದ ಟೋಪಿ, ಪಟ್ಟಿ ತೊಟ್ಟ ನಟರು ಹುಸಿಗುಂಡು ಹಾರಿಸಿ ಕಾಳಗವಾಡುತ್ತಾರೆ. ಸತ್ತವರು ಎದ್ದು ಧೂಳು ಕೊಡವಿಕೊಂಡು ಮಕ್ಕಳ ಜೊತೆ ಚಿತ್ರ ತೆಗೆಯಿಸಿಕೊಳ್ಳುತ್ತಾರೆ. ಈ ಊರಿನಲ್ಲಿ ಆಟ ಎಲ್ಲಿ ಮುಗಿಯಿತು, ನಿಜ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲವೆಂದು ನಮಗೆ ಮೊದಲ ಸಂಜೆಯೇ ತೋರಿತು.

ಆ ಗೆರೆಯನ್ನು ಹುಡುಕುವುದಕ್ಕೆ ಒಳ್ಳೆಯ ಸ್ಥಳ ಅಲ್ಲಿಯ ವಸ್ತುಸಂಗ್ರಹಾಲಯ. ಬಿಲ್ಲನು ತೀರಿಕೊಂಡ ವರ್ಷವೇ ಊರಿನವರು ಸ್ಮಾರಕ ಸಂಘವನ್ನು ಸ್ಥಾಪಿಸಿದರು. ೧೯೨೪ರಲ್ಲಿ ಗರ್ಟ್ರೂಡ್ ವಿಟ್ನಿ ಎಂಬ ಶಿಲ್ಪಿ ಮಾಡಿದ ಅಶ್ವಾರೂಢ ಪ್ರತಿಮೆ ನಿಂತಿತು. ೧೯೨೭ರಲ್ಲಿ ಮರದ ದಿಮ್ಮಿಗಳ ಚಿಕ್ಕ ಕಟ್ಟಡದಲ್ಲಿ ವಸ್ತುಶಾಲೆ ತೆರೆಯಿತು. ಈಗ ಅದು ಬಫಲೋ ಬಿಲ್ ಸೆಂಟರ್ ಆಫ್ ದಿ ವೆಸ್ಟ್ ಎಂಬ ಹೆಸರಿನಲ್ಲಿ ಒಂದೇ ಸೂರಿನ ಕೆಳಗೆ ಐದು ಸಂಗ್ರಹಾಲಯಗಳಾಗಿ ಬೆಳೆದಿದೆ. ಕೋವಿಗಳದೇ ಒಂದು ಶಾಲೆ, ಸಾವಿರಾರು ಕೋವಿಗಳು. ಅದನ್ನು ಅಳಿಯನು ತನ್ಮಯನಾಗಿ ನೋಡಿದನು, ನಾವು ಬೇಗ ದಾಟಿದೆವು. ಪ್ರಕೃತಿಶಾಸ್ತ್ರದ ಶಾಲೆಯಲ್ಲಿ ಬೆಟ್ಟದ ನೆತ್ತಿಯಿಂದ ಬಯಲಿಗೆ ಇಳಿಯುವಂತೆ ಸುತ್ತುದಾರಿಯಲ್ಲಿ ಇಳಿಯುತ್ತ ಹೋಗಬೇಕು. ಒಂದೊಂದು ಎತ್ತರಕ್ಕೆ ತಕ್ಕ ಮರ, ಹಕ್ಕಿ, ಮೃಗ. ಮಗುವಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು.

ಇಲ್ಲಿ ಒಂದು ಶಬ್ದವನ್ನು ಕುರಿತು ಹೇಳಬೇಕು. ಬಫಲೋ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎಮ್ಮೆ. ಅಲ್ಲಿಯದು ಎಮ್ಮೆಯಲ್ಲ, ನಮ್ಮ ಮಲೆನಾಡಿನ ಕಾಟಿಗೆ ದೂರದ ದಾಯಾದಿ. ಹೆಗಲು ಉಬ್ಬಿ, ತಲೆ ತಗ್ಗಿ, ಮುಂಭಾಗಕ್ಕೆಲ್ಲ ಕಂಬಳಿ ಹೊದ್ದಂತೆ ಕೂದಲಿರತಕ್ಕ ಪ್ರಾಣಿ. ಬಿಳಿಯರು ಬರುವ ಮುನ್ನ ಮೂರು ಕೋಟಿಗೆ ಕಡಿಮೆಯಿಲ್ಲದಷ್ಟು ಇದ್ದುವೆಂದು ಅಂದಾಜು. ೧೮೮೯ರಲ್ಲಿ ಹಾರ್ನಡೇ ಎಂಬ ಪ್ರಾಣಿಶಾಸ್ತ್ರಜ್ಞರು ಎಣಿಸಿ ನೋಡಿದಾಗ ಉಳಿದಿದ್ದುದು ಸುಮಾರು ಒಂದು ಸಾವಿರ. ಚರ್ಮಕ್ಕಾಗಿ ಕೊಂದರು, ನಾಲಗೆಗಾಗಿ ಕೊಂದರು, ಸುಮ್ಮನೆ ರೈಲಿನ ಕಿಟಕಿಯಿಂದಲೂ ಕೊಂದರು. ಬಫಲೋ ಅಳಿದರೆ ಅದನ್ನೇ ನಂಬಿದ ಜನರೂ ಮಣಿಯುತ್ತಾರೆಂಬ ಲೆಕ್ಕಾಚಾರವೂ ದಂಡಿನ ಅಧಿಕಾರಿಗಳಲ್ಲಿ ಕೆಲವರಿಗಿತ್ತು. ಚಿತ್ರಶಾಲೆಯಲ್ಲಿ ಬೀರ್‌ಸ್ಟಾಟ್ ಎಂಬ ಚಿತ್ರಕಾರರು ೧೮೮೮ರ ಸುಮಾರಿಗೆ ಬರೆದ ‘ಕೊನೆಯ ಬಫಲೋ’ ಎಂಬ ಪಟವಿದೆ. ಅದರಲ್ಲಿ ಬಫಲೋವನ್ನು ಇರಿಯುತ್ತಿರುವವನು ಕುದುರೆ ಏರಿದ ಮೂಲನಿವಾಸಿ. ಬಿಳಿಯನ ಕೋವಿ ಪಟದಲ್ಲಿ ಎಲ್ಲಿಯೂ ಇಲ್ಲ. ಕೋವಿ ಇರುವುದು ಪಕ್ಕದ ಶಾಲೆಯಲ್ಲಿ.

ಬಿಲ್ಲನ ಶಾಲೆಯಲ್ಲಿ ನಾವು ಬಹಳ ಹೊತ್ತು ನಿಂತೆವು. ಆತ ಹುಟ್ಟಿದ ಸೀಮೆಯಲ್ಲಿದ್ದ ಬಾಲ್ಯದ ಮನೆಯನ್ನೇ ೧೯೩೩ರಲ್ಲಿ ಕಿತ್ತು ತಂದು ಈ ಊರಿನಲ್ಲಿ ನಿಲ್ಲಿಸಿದ್ದಾರೆ. ಒಳಗೆ ಗೋಡೆಯ ತುಂಬ ಬಣ್ಣದ ಜಾಹೀರಾತುಗಳು. ೧೮೮೩ರಲ್ಲಿ ಒಮಾಹಾ ನಗರದಲ್ಲಿ ‘ವೈಲ್ಡ್ ವೆಸ್ಟ್’ ಎಂಬ ಪ್ರದರ್ಶನವನ್ನು ಆರಂಭಿಸಿ, ನೂರಾರು ಸವಾರರು, ಕುದುರೆಗಳು, ಬಫಲೋಗಳು, ಮೂಲನಿವಾಸಿಗಳು ಎಲ್ಲವನ್ನೂ ಹಡಗಿಗೆ ಹತ್ತಿಸಿಕೊಂಡು ೧೮೮೭ರಲ್ಲಿ ಲಂಡನ್ನಿಗೆ ಹೋಗಿ ರಾಣಿಯ ಮುಂದೆ ಆಡಿದವನು ಈತ. ಸರ್ಕಸ್ಸೂ ಅಲ್ಲ, ನಾಟಕವೂ ಅಲ್ಲ. ‘ಇದು ನಡೆದದ್ದು, ನಡೆದವರೇ ಆಡುತ್ತಿದ್ದಾರೆ’ ಎಂಬುದು ಅದರ ಆಕರ್ಷಣೆ. ೧೮೭೬ರ ಜೂನಿನಲ್ಲಿ ಲಕೋಟಾ ಮತ್ತು ಶೈಯೆನ್ ಜನರು ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರ್ ಎಂಬ ದಳಪತಿಯನ್ನೂ ಅವನ ದಂಡನ್ನೂ ಕೊಂದರು. ಮೂರು ವಾರಗಳ ಮೇಲೆ ಒಂದು ಚಿಕ್ಕ ಕದನದಲ್ಲಿ ಬಿಲ್ಲನು ಒಬ್ಬ ಶೈಯೆನ್ ವೀರನನ್ನು ಕೊಂದು ಅವನ ನೆತ್ತಿಯನ್ನು ಕೊಯ್ದನು. ಆ ದಿನ ಆತ ತೊಟ್ಟಿದ್ದುದು ರಂಗಸ್ಥಳದ ಉಡುಪು, ಕಪ್ಪು ಮಖಮಲ್ಲಿನದು. ಆ ವರ್ಷವೇ ಆ ಕೊಲೆಯನ್ನು ರಂಗದ ಮೇಲೆ ಆಡಿದನು. ಯುದ್ಧಕ್ಕೆ ಹೋಗುವಾಗಲೇ ನಾಟಕಕ್ಕೆ ಬಟ್ಟೆ ಹಾಕಿಕೊಂಡು ಹೋದ ಮನುಷ್ಯನನ್ನು ಏನೆಂದು ಕರೆಯಬೇಕೋ ನಮಗೆ ತಿಳಿಯದು.

ಹಾಗೆಂದು ಆತನನ್ನು ಬರಿಯ ಖಳನೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಲಕೋಟಾ ಜನರ ಮುಖಂಡ ಸಿಟ್ಟಿಂಗ್ ಬುಲ್ ೧೮೮೫ರಲ್ಲಿ ನಾಲ್ಕು ತಿಂಗಳ ಕಾಲ ವಾರಕ್ಕೆ ೫೦ ಡಾಲರಿನ ಸಂಬಳದ ಮೇಲೆ ಈ ಪ್ರದರ್ಶನದಲ್ಲಿದ್ದರು. ಇಬ್ಬರಿಗೂ ಪರಸ್ಪರ ಗೌರವವಿತ್ತು. ೧೮೯೦ರ ಡಿಸೆಂಬರಿನಲ್ಲಿ ಆ ಮುಖಂಡರನ್ನು ಬಂಧಿಸುವ ನೆಪದಲ್ಲಿ ಕೊಂದರು. ಎರಡು ವಾರದೊಳಗೆ ವೂಂಡೆಡ್ ನೀ ಎಂಬಲ್ಲಿ ಹೆಂಗಸರು ಮಕ್ಕಳೆನ್ನದೆ ನೂರಾರು ಮಂದಿಯನ್ನು ದಂಡು ಗುಂಡಿಟ್ಟು ಕೊಂದಿತು. ಆ ಬಳಿಕ ಸೆರೆಯಲ್ಲಿದ್ದ ಕೆಲವು ಲಕೋಟಾ ಮುಖಂಡರನ್ನು ಬಿಲ್ಲನು ಸರ್ಕಾರದಿಂದ ಕೇಳಿ ಪಡೆದು, ೧೮೯೧ರಲ್ಲಿ ತನ್ನ ಜೊತೆ ಯೂರೋಪಿಗೆ ಕರೆದುಕೊಂಡು ಹೋದನು. ಅವರ ಪಾಲಿಗೆ ಸೆರೆಮನೆಯ ಬದಲು ಆಟದ ಮೈದಾನ. ತಮ್ಮ ಸೋಲನ್ನು ತಾವೇ ದಿನಕ್ಕೆ ಎರಡು ಬಾರಿ ಆಡಿ ತೋರಿಸುವುದು ಸೆರೆಗಿಂತ ಮೇಲೋ ಕೀಳೋ, ಅವರನ್ನು ಕೇಳಬೇಕಾಗಿತ್ತು.

ಬಯಲು ಸೀಮೆಯ ಮೂಲನಿವಾಸಿಗಳ ಶಾಲೆ ೧೯೭೯ರಲ್ಲಿ ತೆರೆದುದು. ಚರ್ಮದ ಗುಡಾರ, ಹದ್ದಿನ ಗರಿಯ ಕಿರೀಟ, ಮಣಿ ಪೋಣಿಸಿದ ಉಡುಪು, ಬೆನ್ನಿಗೆ ಕಟ್ಟಿಕೊಳ್ಳುವ ಕೂಸಿನ ತೊಟ್ಟಿಲು. ಆ ತೊಟ್ಟಿಲಿನ ಗಾಜಿನ ಮುಂದೆ ಒಬ್ಬ ಮುದುಕಿ ಮೊಮ್ಮಗಳನ್ನು ಎತ್ತಿ ಹಿಡಿದುಕೊಂಡು ಮೆಲುದನಿಯಲ್ಲಿ ಏನೋ ಹೇಳುತ್ತಿದ್ದರು. ಅವರು ಮೊಂಟಾನಾ ಸೀಮೆಯ ಕ್ರೋ ಜನಾಂಗದವರೆಂದು ಬಳಿಕ ತಿಳಿಯಿತು. ನೀವು ಎಲ್ಲಿಯವರೆಂದು ನಮ್ಮನ್ನು ಕೇಳಿದರು. ‘ಇಂಡಿಯಾ’ ಎಂದೆವು. ಆಕೆ ನಕ್ಕು, ‘ನಿಮ್ಮ ಹೆಸರನ್ನು ನಾವು ಐನೂರು ವರ್ಷಗಳಿಂದ ಹೊತ್ತುಕೊಂಡಿದ್ದೇವೆ, ಯಾವಾಗ ಹಿಂದಕ್ಕೆ ತೆಗೆದುಕೊಂಡು ಹೋಗುತ್ತೀರಿ?’ ಎಂದರು. ನಾವೂ ನಕ್ಕೆವು. ಕೊಲಂಬಸನು ತಪ್ಪು ದಡಕ್ಕೆ ಇಳಿದ ಫಲವಾಗಿ ಎರಡು ಜನಕ್ಕೆ ಒಂದೇ ಹೆಸರಾಯಿತಷ್ಟೆ. ತೊಟ್ಟಿಲನ್ನು ತೋರಿಸಿ, ತಮ್ಮ ಅಜ್ಜಿ ಇಂಥದನ್ನು ಮಾಡುತ್ತಿದ್ದರೆಂದೂ, ತಮ್ಮ ತಾಯಿ ಇಂಥದರಲ್ಲಿ ಬೆಳೆದರೆಂದೂ ಹೇಳಿದರು. ಅಷ್ಟರಲ್ಲಿ ಮೊಮ್ಮಗಳು ಗಾಜನ್ನು ಅಂಗೈಯಿಂದ ತಟ್ಟಿತು. ಮುದುಕಿ ಅದರ ಕೈಯನ್ನು ಹಿಡಿದು ಇಳಿಸಿ, ಗಾಜಿನ ಮೇಲೆ ಮೂಡಿದ ಬೆರಳಿನ ಗುರುತನ್ನು ತಮ್ಮ ತೋಳಿನ ಬಟ್ಟೆಯಿಂದ ಒರಸಿದರು. ನಮ್ಮ ಮನೆಯವರು ಅಲ್ಲಿಂದ ಹೊರಟಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ರಾತ್ರಿ ಎಂಟು ಗಂಟೆಗೆ ರೋಡಿಯೋ. ಕೋಡಿಯಲ್ಲಿ ೧೯೩೮ರಿಂದ ಬೇಸಗೆಯ ರಾತ್ರಿಗಳಲ್ಲಿ ಈ ಆಟ ನಡೆದು ಬಂದಿದೆ. ಜೂನ್ ಮೊದಲುಗೊಂಡು ಆಗಸ್ಟ್ ಮುಗಿಯುವವರೆಗೆ ಪ್ರತಿ ರಾತ್ರಿಯೂ. ಇದಲ್ಲದೆ ಜುಲೈ ಮೊದಲ ನಾಲ್ಕು ದಿನ ‘ಸ್ಟ್ಯಾಂಪೀಡ್’ ಎಂಬ ದೊಡ್ಡ ಜಾತ್ರೆ, ಅದು ೧೯೧೯ರಿಂದ. ರೋಡಿಯೋ ಎಂಬುದು ಸ್ಪಾನಿಷ್ ಮಾತು. ಸುತ್ತುವರಿದು ಒಟ್ಟುಗೂಡಿಸುವುದು ಎಂದು ಅರ್ಥ. ಹಗ್ಗ ಬೀಸುವ ವಿದ್ಯೆ, ಎತ್ತರದ ಕೊಂಬಿನ ಜೀನು, ಅಗಲ ಅಂಚಿನ ಟೋಪಿ ಎಲ್ಲವೂ ಮೆಕ್ಸಿಕೋದ ದನಗಾಹಿಗಳಿಂದ ಬಂದುವು. ಚಲಚ್ಚಿತ್ರಗಳಲ್ಲಿ ಕಾಣುವ ಬಿಳಿಯ ದನಗಾಹಿಯ ಜೊತೆಯಲ್ಲಿ ಮೆಕ್ಸಿಕೋದವರೂ ಕರಿಯರೂ ಬಹುಮಂದಿ ದುಡಿದರು. ಓಡುವ ಹೋರಿಯ ಮೇಲೆ ಕುದುರೆಯಿಂದ ಧುಮುಕಿ ಕೊಂಬು ಹಿಡಿದು ಕೆಡಹುವ ವರಸೆಯನ್ನು ಪ್ರಸಿದ್ಧಿಗೆ ತಂದವರು ಟೆಕ್ಸಾಸಿನ ಬಿಲ್ ಪಿಕೆಟ್ ಎಂಬ ಕರಿಯ ಸವಾರರು. ದನಗಾಹಿಯ ಆ ಮಹಾಯುಗವಾದರೋ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ನಡೆಯಲಿಲ್ಲ. ಮುಳ್ಳುತಂತಿ ಬಂತು, ರೈಲು ಬಂತು, ೧೮೮೬-೮೭ರ ಚಳಿಗಾಲದಲ್ಲಿ ಹಿಮ ಬಿದ್ದು ಲಕ್ಷಾಂತರ ದನ ಸತ್ತುವು, ಮುಗಿಯಿತು. ಅಳಿದುಹೋದುದೇ ಆಟವಾಗಿ ಉಳಿಯಿತು.

ಮೈದಾನದ ಮೂರು ಕಡೆ ಮೆಟ್ಟಿಲು. ಪ್ರಾಣಿಗಳನ್ನು ಬಿಡುವ ಕಿರುದೊಡ್ಡಿಗಳ ಮೇಲ್ಗಡೆಯ ಪೀಠಗಳಿಗೆ ‘ರಣಹದ್ದಿನ ಗೂಡು’ ಎಂದು ಹೆಸರು. ಅಳಿಯನು ಅಲ್ಲಿಗೇ ಟಿಕೆಟು ತೆಗೆದಿದ್ದನು. ಕೆಳಗೆ ಕೊಟ್ಟಿಗೆಯ ವಾಸನೆ, ಹಲಗೆಯನ್ನು ಒದೆಯುವ ಸದ್ದು. ಅದೊಂದು ಮಾತ್ರ ನಮಗೆ ನಮ್ಮ ಊರಿನಂತೆಯೇ ಇತ್ತು. ಧ್ವಜವನ್ನು ಹಿಡಿದ ಹುಡುಗಿ ಕುದುರೆಯ ಮೇಲೆ ಸುತ್ತು ಬಂದಳು, ಪ್ರಾರ್ಥನೆಯಾಯಿತು, ಎಲ್ಲರೂ ಟೋಪಿ ತೆಗೆದು ರಾಷ್ಟ್ರಗೀತಕ್ಕೆ ನಿಂತರು. ಆ ಬಳಿಕ ಬಾಗಿಲು ತೆರೆಯಿತು.

ಜೀನಿಲ್ಲದ ಕುದುರೆಯ ಸವಾರಿಯ ನಿಯಮ ಹೇಳುವುದಕ್ಕೆ ಸುಲಭ. ಎಂಟು ಸೆಕೆಂಡು ಕೂತಿರಬೇಕು. ಒಂದೇ ಕೈ ಹಿಡಿತ. ಇನ್ನೊಂದು ಕೈ ಗಾಳಿಯಲ್ಲಿ, ಕುದುರೆಗೂ ತನಗೂ ಎಲ್ಲಿಯೂ ತಾಗಬಾರದು. ಮೊದಲ ನೆಗೆತದಲ್ಲಿ ಸವಾರನ ಹಿಮ್ಮಡಿ ಕುದುರೆಯ ಹೆಗಲಿನ ಮೇಲ್ಗಡೆ ಇರಬೇಕು. ನೂರು ಅಂಕಗಳಲ್ಲಿ ಐವತ್ತು ಸವಾರನಿಗೆ, ಐವತ್ತು ಪ್ರಾಣಿಗೆ. ಇದು ನಮಗೆ ಬಹಳ ಮೆಚ್ಚುಗೆಯಾಯಿತು: ಸೌಮ್ಯವಾದ ಕುದುರೆ ಸಿಕ್ಕಿದವನು ಅದೃಷ್ಟಹೀನ. ಎಂಟು ಸೆಕೆಂಡು ಎಂದರೆ ಏನು ಮಹಾ ಎಂದುಕೊಂಡಿದ್ದೆವು. ಮೊದಲನೆಯ ಸವಾರ ಮೂರಕ್ಕೆ ಮಣ್ಣಿಗೆ ಬಿದ್ದನು, ಎರಡನೆಯವನು ಐದಕ್ಕೆ. ಮೂರನೆಯವನು, ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಹುಡುಗ, ಉಳಿದುಕೊಂಡನು. ಕಹಳೆ ಕೂಗಿದಾಗ ನಾವು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದುದು ಮನೆಯವರು ಪಂಚೆ ಎಳೆದಾಗಲೇ ನಮಗೆ ಗೊತ್ತಾದದ್ದು.

ಗೂಳಿಯ ಸವಾರಿ ಬೇರೆಯ ಮಾತು. ಕುದುರೆ ಸವಾರನನ್ನು ಬೀಳಿಸಿ ಹೊರಟುಹೋಗುತ್ತದೆ; ಗೂಳಿ ತಿರುಗಿ ಬರುತ್ತದೆ. ಬಣ್ಣದ ಬಟ್ಟೆ ತೊಟ್ಟ ವಿದೂಷಕನು ನಗಿಸುವುದಕ್ಕೆ ಇರುವವನೆಂದು ನಾವು ಎಣಿಸಿದ್ದೆವು. ಬಿದ್ದ ಹುಡುಗನೊಬ್ಬನ ಕೈ ಹಗ್ಗದಲ್ಲಿ ಸಿಕ್ಕಿಕೊಂಡು ಗೂಳಿ ಅವನನ್ನು ಗೊಂಬೆಯಂತೆ ಎಳೆದಾಡಿದಾಗ, ಮೈದಾನದಲ್ಲಿದ್ದ ಇಬ್ಬರು ಕಾವಲಿನವರು ನೇರವಾಗಿ ಕೊಂಬಿನ ಮುಂದಕ್ಕೆ ಓಡಿದರು. ಒಬ್ಬನು ಗೂಳಿಯ ಮುಖಕ್ಕೆ ಕೈ ಬೀಸಿದನು, ಇನ್ನೊಬ್ಬನು ಹಗ್ಗ ಬಿಡಿಸಿದನು. ಜನ ಉಸಿರಾಡಲಿಲ್ಲ. ಹುಡುಗನು ಮೊಣಕಾಲಿನ ಮೇಲೆ ಎದ್ದು, ಬಿದ್ದ ಟೋಪಿಯನ್ನು ಹುಡುಕಿ ಎತ್ತಿಕೊಂಡು, ಕುಂಟುತ್ತ ಹೊರಕ್ಕೆ ನಡೆದನು. ಅವನಿಗೆ ಸಿಕ್ಕಿದ ಅಂಕ ಸೊನ್ನೆ.

ಕರುವಿಗೆ ಕಣ್ಣಿ ಹಾಕುವ ಸ್ಪರ್ಧೆ ಬಂದಾಗ ನಮ್ಮ ಮನೆಯವರು ಮುಖ ತಿರುಗಿಸಿಕೊಂಡರು. ಓಡುವ ಕರುವಿನ ಕುತ್ತಿಗೆಗೆ ಕುಣಿಕೆ ಬಿತ್ತು. ಕುದುರೆ ತಾನಾಗಿಯೇ ಹಿಂದಕ್ಕೆ ಸರಿದು ಹಗ್ಗವನ್ನು ಬಿಗಿಯಾಗಿ ಹಿಡಿಯಿತು. ಸವಾರ ಧುಮುಕಿ ಕರುವನ್ನು ಎತ್ತಿ ನೆಲಕ್ಕೆ ಹಾಕಿ ಮೂರು ಕಾಲುಗಳನ್ನು ಕಟ್ಟಿ ಕೈ ಎತ್ತಿದನು. ‘ಇದೇನಪ್ಪ ಆಟ? ಎಳೆಗರು,’ ಎಂದರು. ‘ಅತ್ತೆ, ಹಿಂದೆ ಮುದ್ರೆ ಹಾಕುವುದಕ್ಕೂ ಔಷಧ ಹಾಕುವುದಕ್ಕೂ ಬಯಲಿನಲ್ಲಿ ಹೀಗೆಯೇ ಹಿಡಿಯಬೇಕಾಗಿತ್ತು,’ ಎಂದು ಅಳಿಯ ಸಮಾಧಾನ ಹೇಳಿದನು. ‘ಹಿಂದೆ ಔಷಧಕ್ಕೆ, ಈಗ ಟಿಕೆಟಿಗೆ,’ ಎಂದು ಅವರು ಉತ್ತರ ಕೊಟ್ಟರು. ಅಮೆರಿಕಾದಲ್ಲಿಯೂ ಈ ವಾದ ಬಲವಾಗಿ ನಡೆಯುತ್ತಿದೆ. ನಾವಾದರೂ ದೊಡ್ಡ ದನಿಯಲ್ಲಿ ಮಾತನಾಡುವ ಹಾಗಿಲ್ಲ. ಹಾವೇರಿಯ ಕಡೆಯ ಹೋರಿ ಬೆದರಿಸುವ ಆಟ ನಮ್ಮದೇ. ಕರಾವಳಿಯ ಕಂಬಳ ನಮ್ಮದೇ. ೨೦೧೪ರಲ್ಲಿ ನಿಂತ ಕಂಬಳಕ್ಕೆ ೨೦೧೭ರಲ್ಲಿ ನಮ್ಮ ಶಾಸನಸಭೆ ಕಾನೂನು ಮಾಡಿ, ೨೦೨೩ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿಕೊಂಡಿತು. ನಮ್ಮ ಮಟ್ಟಿಗೆ ಹೇಳುವುದಾದರೆ, ಗೂಳಿಯ ಆಟವನ್ನು ಇನ್ನೊಮ್ಮೆ ನೋಡಬಲ್ಲೆವು, ಕರುವಿನದನ್ನು ನೋಡಲಾರೆವು.

ನಡುವೆ ಮಕ್ಕಳ ಸರದಿ. ಬಾಲಕ್ಕೆ ರಿಬ್ಬನ್ನು ಕಟ್ಟಿದ ಕರುಗಳನ್ನು ಮೈದಾನಕ್ಕೆ ಬಿಟ್ಟು, ಮಕ್ಕಳನ್ನೆಲ್ಲ ಇಳಿಸುತ್ತಾರೆ. ರಿಬ್ಬನ್ನು ಕಿತ್ತವರಿಗೆ ಬಹುಮಾನ. ನಾವು ಬೇಡವೆನ್ನುವುದರೊಳಗೆ ನಮ್ಮ ಮಗು ಮೆಟ್ಟಿಲಿಳಿದು ಓಡಿತ್ತು. ಅಷ್ಟೊಂದು ಮಕ್ಕಳ ಹಿಂಡಿನಲ್ಲಿ ಅದರ ಎರಡು ಜಡೆ ಮಾತ್ರ ನಮಗೆ ಕಾಣುತ್ತಿದ್ದುವು. ರಿಬ್ಬನ್ನು ಸಿಕ್ಕಲಿಲ್ಲ, ಮೈಯೆಲ್ಲ ಧೂಳು. ‘ತಾತ, ಕರು ನನ್ನ ಪಕ್ಕದಲ್ಲೇ ಹೋಯಿತು!’ ಎಂದು ಹತ್ತು ಸಲವಾದರೂ ಹೇಳಿರಬೇಕು.

ಮರುದಿನ ಬೆಳಿಗ್ಗೆ ಊರಿನ ಪಶ್ಚಿಮದ ಅಣೆಕಟ್ಟನ್ನು ನೋಡಿದೆವು. ಶೊಶೋನೀ ನದಿ ಬೆಟ್ಟವನ್ನು ಕೊರೆದುಕೊಂಡು ಬರುವ ಇಕ್ಕಟ್ಟಿನಲ್ಲಿ ೧೯೦೫ರಿಂದ ೧೯೧೦ರವರೆಗೆ ಕಟ್ಟಿದರು. ೩೨೫ ಅಡಿ ಎತ್ತರದ ಅದು ಆಗ ಲೋಕದಲ್ಲೆಲ್ಲ ಅತ್ಯುನ್ನತ. ಮುಂದೆ ೧೯೯೩ರಲ್ಲಿ ಮತ್ತೆ ೨೫ ಅಡಿ ಏರಿಸಿದರು. ಈ ನೀರನ್ನು ಬಯಲಿಗೆ ತರಬೇಕೆಂದು ಬಿಲ್ಲನು ಬಹಳ ಹಣ ಕಳೆದುಕೊಂಡು, ಕೊನೆಗೆ ತನ್ನ ನೀರಿನ ಹಕ್ಕನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟನು. ೧೯೪೬ರಲ್ಲಿ ಅಣೆಗೆ ಅವನ ಹೆಸರಿಟ್ಟರು. ಕನ್ನಂಬಾಡಿಯ ನಾಡಿನಿಂದ ಹೋದ ನಮಗೆ ನೀರಿನ ಕನಸು ಅರ್ಥವಾಗದೆ ಹೋಗಲಿಲ್ಲ. ದರೋಡೆಗಾರರ ಗುಡಿಸಲುಗಳನ್ನೂ ಹಳೆಯ ಸಾರಾಯಿ ಅಂಗಡಿಯನ್ನೂ ಬೇರೆ ಬೇರೆ ಕಡೆಗಳಿಂದ ಕಿತ್ತು ತಂದು ಜೋಡಿಸಿರುವ ಓಲ್ಡ್ ಟ್ರೇಲ್ ಟೌನ್ ಎಂಬ ಸಾಲುಬೀದಿಯನ್ನೂ ಒಂದು ಗಂಟೆ ಸುತ್ತಿದೆವು.

ಆ ಅಣೆಯ ನೀರಾವರಿಗೆಂದು ಇಟ್ಟ ಸರ್ಕಾರಿ ನೆಲದಲ್ಲಿ, ಊರಿನಿಂದ ಸುಮಾರು ೧೪ ಮೈಲಿ ದೂರದಲ್ಲಿ, ಹಾರ್ಟ್ ಮೌಂಟನ್ ಎಂಬ ಒಂಟಿ ಬೆಟ್ಟದ ತಪ್ಪಲಿದೆ. ಆ ಬೆಟ್ಟದ ನೆತ್ತಿಯ ಸುಣ್ಣದ ಕಲ್ಲು ಕೆಳಗಿನ ಕಲ್ಲಿಗಿಂತ ಕೋಟ್ಯಂತರ ವರ್ಷ ಹಳೆಯದು. ಯಾವುದೋ ಕಾಲದಲ್ಲಿ ಬೇರೆ ಕಡೆಯಿಂದ ಜಾರಿ ಬಂದು ಕೂತದ್ದು. ಅದರ ಕೆಳಗೆ ಮನುಷ್ಯರನ್ನೂ ಹಾಗೆಯೇ ತಂದು ಕೂರಿಸಿದ್ದರು. ೧೯೪೨ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಹೊರಡಿಸಿದ ಆಜ್ಞೆಯ ಮೇರೆಗೆ ಪಶ್ಚಿಮ ತೀರದಲ್ಲಿದ್ದ ಜಪಾನೀ ಮೂಲದ ಜನರನ್ನು, ಒಟ್ಟು ಸುಮಾರು ೧,೨೦,೦೦೦ ಮಂದಿಯನ್ನು, ಮನೆ ಅಂಗಡಿ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಯಾರ ಮೇಲೂ ಆಪಾದನೆಯಿಲ್ಲ, ವಿಚಾರಣೆಯಿಲ್ಲ. ಇಲ್ಲಿಯ ಶಿಬಿರ ಆ ವರ್ಷದ ಆಗಸ್ಟಿನಿಂದ ೧೯೪೫ರ ನವೆಂಬರಿನವರೆಗೆ ನಡೆಯಿತು. ಒಮ್ಮೆ ಹತ್ತು ಸಾವಿರಕ್ಕೂ ಮೀರಿ ಜನವಿದ್ದು, ವಯೋಮಿಂಗಿನ ಮೂರನೆಯ ದೊಡ್ಡ ಊರು ಅದೇ ಆಗಿತ್ತು. ಟಾರು ಕಾಗದ ಹೊಡೆದ ಹಲಗೆಯ ಕೊಟ್ಟಿಗೆಗಳು, ಮುಳ್ಳುತಂತಿ, ಕಾವಲು ಗೋಪುರ. ಅ ಜನರು ಕಾಲುವೆಯನ್ನು ಸರಿಮಾಡಿ ಆ ಬೀಳಿನಲ್ಲಿ ತರಕಾರಿ ಬೆಳೆದರು. ಸುಮಾರು ೮೦೦ ಮಂದಿ ಇದೇ ಶಿಬಿರದಿಂದ ಅಮೆರಿಕಾದ ದಂಡಿನ ಸೇವೆಗೆ ಹೋದರು. ತಂದೆತಾಯಿಗಳನ್ನು ತಂತಿಯೊಳಗಿಟ್ಟು ನಮ್ಮನ್ನು ಯುದ್ಧಕ್ಕೆ ಕರೆಯುವುದು ಯಾವ ನ್ಯಾಯ ಎಂದು ಕೇಳಿ ದಂಡಿಗೆ ಸೇರದವರಲ್ಲಿ ೬೩ ಮಂದಿಯನ್ನು ೧೯೪೪ರಲ್ಲಿ ಒಟ್ಟಿಗೆ ವಿಚಾರಿಸಿ ಸೆರೆಗೆ ಹಾಕಿದರು. ೧೯೪೭ರಲ್ಲಿ ಅಧ್ಯಕ್ಷ ಟ್ರೂಮನ್ನರು ಕ್ಷಮೆ ಕೊಟ್ಟರು. ೨೦೧೧ರಲ್ಲಿ ಅಲ್ಲಿ ತೆರೆದ ಸಂಗ್ರಹಾಲಯ ಹೊರಗಿನಿಂದ ಆ ಕೊಟ್ಟಿಗೆಗಳ ಆಕಾರದಲ್ಲಿಯೇ ಇದೆ. ಆಸ್ಪತ್ರೆಯ ಬಳಿಯ ಕೆಂಪು ಹೊಗೆಗೂಡು ಈಗಲೂ ನಿಂತಿದೆ.

ಕೋಡಿಯ ಸ್ಕೌಟು ಹುಡುಗರನ್ನು ಅವರ ನಾಯಕನು ಒಮ್ಮೆ ತಂತಿಯೊಳಗಿನ ಸ್ಕೌಟು ಹುಡುಗರ ಜೊತೆ ಆಡಲು ಕರೆದುಕೊಂಡು ಬಂದನು. ಒಂದೇ ಗುಡಾರ ಪಾಲಿಗೆ ಬಂದ ಇಬ್ಬರಲ್ಲಿ ಒಬ್ಬ ಕೋಡಿಯ ಆಲನ್ ಸಿಂಪ್ಸನ್; ಇನ್ನೊಬ್ಬ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಬಂದ ನಾರ್ಮನ್ ಮಿನೆಟಾ. ಮಿನೆಟಾ ಮನೆ ಬಿಟ್ಟಾಗ ಹತ್ತು ವರ್ಷ. ಕೈಯಲ್ಲಿದ್ದ ಬೇಸ್‌ಬಾಲ್ ದಾಂಡನ್ನು ಆಯುಧವೆಂದು ಕಾವಲಿನವರು ಕಿತ್ತುಕೊಂಡಿದ್ದರು. ಮಳೆ ಬಂದ ರಾತ್ರಿ ಇಬ್ಬರೂ ಗುಡಾರದ ಸುತ್ತ ಕಾಲುವೆ ತೋಡಿ, ತಮಗಾಗದ ಹುಡುಗನೊಬ್ಬನ ಗುಡಾರಕ್ಕೆ ನೀರು ಹರಿಸಿದರೆಂದು ಇಬ್ಬರೂ ಮುದುಕರಾದಮೇಲೂ ಹೇಳಿಕೊಂಡು ನಗುತ್ತಿದ್ದರು. ಮಿನೆಟಾ ಕಾಂಗ್ರೆಸ್ಸಿನ ಸದಸ್ಯರಾದರು, ಸಿಂಪ್ಸನ್ ಸೆನೇಟಿನ ಸದಸ್ಯರಾದರು. ಪಕ್ಷ ಬೇರೆ ಬೇರೆ. ಬದುಕಿದ್ದ ಪ್ರತಿಯೊಬ್ಬ ಶಿಬಿರವಾಸಿಗೂ ಕ್ಷಮಾಪಣೆಯನ್ನೂ ೨೦,೦೦೦ ಡಾಲರನ್ನೂ ಕೊಡಿಸಿದ ೧೯೮೮ರ ಕಾನೂನಿಗೆ ಇಬ್ಬರೂ ಹೆಗಲು ಕೊಟ್ಟರು. ಮಿನೆಟಾ ೨೦೨೨ರಲ್ಲಿ, ಸಿಂಪ್ಸನ್ ೨೦೨೫ರಲ್ಲಿ ತೀರಿಕೊಂಡರು.

ಹೊರಗೆ ಬಂದು ಮೋಟಾರು ಹತ್ತಿದಮೇಲೆ ಅಳಿಯನು ಒಡನೆ ಹೊರಡಿಸಲಿಲ್ಲ. ‘ಮಾವ, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಇಲ್ಲೇ ಹುಟ್ಟಿದ ಪೌರರಂತೆ, ಒಳಗೆ ಬರೆದಿತ್ತು,’ ಎಂದನು. ನಾವು ಹೌದೆಂದೆವು. ಮಗು ಹಿಂದಿನ ಪೀಠದಿಂದ, ಈ ಮನೆಗಳಲ್ಲಿದ್ದ ಮಕ್ಕಳನ್ನು ರಾತ್ರಿ ಕರುವಿನ ಆಟಕ್ಕೆ ಬಿಡುತ್ತಿದ್ದರೆ ಎಂದು ಕೇಳಿತು. ಅವನು ಕನ್ನಡಿಯಲ್ಲಿ ಅದರ ಮುಖವನ್ನು ನೋಡಿ, ‘ಇಲ್ಲ ಪುಟ್ಟ, ಬೇಲಿ ಇತ್ತು,’ ಎಂದನು. ಆ ಮೇಲೆ ಡೆನ್ವರಿನ ದಾರಿ ಹಿಡಿದೆವು.